ಅಪ್ಪ ಎತ್ತಿದ ಕಬ್ಬಿಣದ ಬೀರು

ಆಸ್ಪತ್ರೆಯ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ದರ್ಜಿಯ ಕಿವಿಗೆ ಪಕ್ಕದ ಅಕ್ಕ-ತಮ್ಮನ ಮಾತು ಬಿತ್ತು.

"ರಕ್ತನಾಳದ ಸ್ನಾಯು ಬಿಗಿಯಾಗೋಕೆ ಒಂದು ಕಿಣ್ವ ಬೇಕಂತೆ ಕಣೋ. ಅದನ್ನ ಮಾಡೋ ಜೀನೇ ಅಪ್ಪನಿಗೆ ಕೆಟ್ಟಿರಬೇಕಂತೆ. ಎದೆಯ ದೊಡ್ಡ ರಕ್ತನಾಳ ಮೊದಲೇ ಸೋತಿತ್ತು, ಒಬ್ರೇ ಬೀರು ಎತ್ತಿದಾಗ ಹರಿದುಹೋಯ್ತು ಅಂತಾರೆ ಡಾಕ್ಟ್ರು."

"ಹಾಗಾದ್ರೆ ಅವತ್ತು ಬೀರು ಎತ್ತೋಕೆ ನಾನು ಬರದೇ ಇದ್ದದ್ದಕ್ಕೆ ಅಪ್ಪ ಸತ್ತಿದ್ದಲ್ಲ!"

"ಅಲ್ವೋ."

"ಅಪ್ಪನ್ನ ನುಂಗಿಕೊಂಡೋನು ಅಂತ ಹನ್ನೊಂದು ವರ್ಷ ನನ್ನ ಮುಖಾನೇ ನೋಡಲಿಲ್ಲವಲ್ಲೇ ಅಕ್ಕಾ!"

"ನನ್ನ ನಾಲಿಗೆ ಸುಟ್ಟುಹೋಗ್ಲಿ. ರಕ್ತಪರೀಕ್ಷೇಲಿ ಗೊತ್ತಾಯ್ತು, ಆ ಕೆಟ್ಟ ಜೀನು ನಿನಗೂ ಬಂದಿದೆಯಂತೆ ಕಣೋ."

ದರ್ಜಿ ಒಳಗೊಳಗೇ ದೇವರನ್ನು ನೆನೆದ.

"ನಿನಗೆ?" ಎಂದ ತಮ್ಮ.

"ನನಗಿಲ್ಲ."

ನರ್ಸ್ ಒಳಗೆ ಕರೆದಳು. ತಮ್ಮ ಎದ್ದು ಅಕ್ಕನ ಭಾರದ ಚೀಲಕ್ಕೆ ಕೈ ಹಾಕಿದ.

"ಮುಟ್ಟಬೇಡ! ಇನ್ಮೇಲೆ ನೀನು ಏನೂ ಎತ್ತಕೂಡದು" ಎಂದವಳೇ ಚೀಲವನ್ನು ತಾನೇ ಹೆಗಲಿಗೇರಿಸಿ, ಅವನ ಕೈ ಹಿಡಿದು ಒಳಗೆ ನಡೆದಳು.