ಮೂವತ್ತೆಂಟು ‘ಗೊತ್ತಿಲ್ಲ’ಗಳ ಮನೆ

ಮಕ್ಕಳು ಮಲಗಿದವು ತಾನೇ? ಹಾಗಾದರೆ ದನಿ ತಗ್ಗಿಸಿ ಹೇಳಬಹುದು. ಇದು ನಮ್ಮ ಪಕ್ಕದ ಮನೆಯ ಡಾರ್ಲಾಗೆ ಆದದ್ದು. ಯಾರೋ ಹೇಳಿ ಇನ್ಯಾರೋ ಕೇಳಿದ್ದಲ್ಲ.

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. ಕತ್ತಲಾಗಿತ್ತು. ಡುಲೂತ್ ಊರಿನ ಹೊರಗೆ, ಸರೋವರದ ಕಡೆಯ ರಸ್ತೆಯಲ್ಲಿ ಡಾರ್ಲಾ ಒಬ್ಬಳೇ ನಡೆದು ಬರುತ್ತಿದ್ದಳು. ಎರಡು ಕಂಕುಳಲ್ಲೂ ತಗಡಿನ ಬೋರ್ಡುಗಳು. ‘ಮನೆ ಮಾರಾಟಕ್ಕಿದೆ, ಬಂದು ನೋಡಿ’ ಅಂತ ಬಾಣ ಬರೆದ ಬೋರ್ಡುಗಳು. ಮಧ್ಯಾಹ್ನ ಅವನ್ನು ಮೂಲೆಮೂಲೆಗೆ ನೆಡಬೇಕು, ಜನ ಬಂದು ಹೋದ ಮೇಲೆ ಕಿತ್ತು ತರಬೇಕು. ಮನೆ ಮಾರುವ ಏಜೆಂಟರ ಬಾಳು ಇಷ್ಟೇ. ಫೋಟೋದಲ್ಲಿ ನಗು, ಬೆನ್ನಿನಲ್ಲಿ ನೋವು.

ಆ ದಿನ ಮನೆ ನೋಡಲು ನಾಲ್ಕು ಜೋಡಿ ಬಂದಿದ್ದವು. ನಾಲ್ಕೂ ನಗುತ್ತಾ ಒಳಗೆ ಹೋಗಿ, ಮುಖ ಗಂಟು ಹಾಕಿಕೊಂಡು ಹೊರಗೆ ಬಂದಿದ್ದವು.

ಆ ಮನೆಯ ಅಂಗಳದ ಮೂಲೆಯಲ್ಲಿ ಒಂದು ಹಳೇ ಬಾವಿ. ಮೇಲೆ ಕಬ್ಬಿಣದ ಮುಚ್ಚಳ, ಅದರ ಮೇಲೆ ಕೈಪಂಪು. ಮೂವತ್ತು ವರ್ಷದಿಂದ ಅದನ್ನು ಯಾರೂ ಮುಟ್ಟಿಲ್ಲ. ಡಾರ್ಲಾ ಅದನ್ನು ದಾಟಿ ನಾಲ್ಕು ಹೆಜ್ಜೆ ಇಟ್ಟಿರಬಹುದು...

ಕೀಂ... ಗಡಕ್.

ಕೀಂ... ಗಡಕ್.

ಆಮೇಲೆ ಬಕೆಟ್ಟಿಗೆ ನೀರು ಬಿದ್ದ ಹಾಗೆ, ಸೊರ್ರ್...

ತಿರುಗಿ ನೋಡಿದಳು. ಪಂಪಿನ ಹಿಡಿ ಅಲ್ಲಾಡುತ್ತಿರಲಿಲ್ಲ. ಗಾಳಿ ಇಲ್ಲ. ಆದರೆ ತಾನೇ ಕೈಯಾರೆ ಆರಿಸಿ ಬಂದಿದ್ದ ಅಡುಗೆಮನೆಯ ದೀಪ ಉರಿಯುತ್ತಿತ್ತು.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಡರ್ರ್ ಅಂದಿತು. ಮಧ್ಯಾಹ್ನ ಒಂದು ಜೋಡಿಯನ್ನು ಕರೆತಂದಿದ್ದ ಇನ್ನೊಬ್ಬ ಏಜೆಂಟನ ಸಂದೇಶ. ‘ಮನೆ ಚೆನ್ನಾಗಿದೆ. ಆದರೆ ಜನ ನೋಡುವಾಗ ಆ ಅಡುಗೆಮನೆಯ ಹೆಂಗಸನ್ನು ದಯವಿಟ್ಟು ಹೊರಗೆ ಕಳಿಸಿ. ಆಕೆ ಹೇಳಿದ್ದನ್ನು ಕೇಳಿ ನಮ್ಮವರು ಬೇಡ ಅಂದರು.’

ಇದು ಹನ್ನೊಂದನೇ ಸಂದೇಶ. ಹನ್ನೊಂದರಲ್ಲೂ ಅದೇ ಹೆಂಗಸು.

ಮನೆ ಮಾರುವಾಗ ಮನೆಯವರು ಒಳಗಿರಬಾರದು ಅನ್ನುವುದು ಈ ಕಸುಬಿನ ಮೊದಲ ಪಾಠ. ಬಂದವರ ಬೆನ್ನ ಹಿಂದೆ ನಿಂತು ‘ಇಲ್ಲಿ ನಮ್ಮಪ್ಪ ಜಾರಿ ಬಿದ್ದಿದ್ದ’ ಅಂದರೆ ಆ ವ್ಯಾಪಾರ ಮುಗಿದ ಹಾಗೆಯೇ. ಡಾರ್ಲಾಗೆ ಮೈಯೆಲ್ಲಾ ಉರಿಯಿತು. ಅಲ್ಲೇ ನಿಂತು ವೆಂಡೆಲ್‌ಗೆ ಫೋನು ಮಾಡಿದಳು. ಮನೆ ಅವನ ಚಿಕ್ಕಮ್ಮ ಸಿಲ್ವಿಯದು. ಆಕೆ ನಡೆಯಲಾರದೆ ವೃದ್ಧಾಶ್ರಮ ಸೇರಿದ ಮೇಲೆ ಮಾರುವ ಜವಾಬ್ದಾರಿ ಇವನ ತಲೆಗೆ ಬಂದಿತ್ತು. ಶಾಲೆಯಲ್ಲಿ ಡಾರ್ಲಾಗಿಂತ ಎರಡು ಕ್ಲಾಸು ಮುಂದಿದ್ದವನು, ಈಗ ಲಾರಿ ಓಡಿಸುತ್ತಾನೆ.

“ವೆಂಡೆಲ್, ನಿಜ ಹೇಳು. ಮನೇಲಿ ಯಾವಳನ್ನ ಇಟ್ಟಿದ್ದೀಯ?”

“ಇಟ್ಕೊಳ್ಳೋಕೆ ಒಬ್ಬಳು ಸಿಕ್ಕಿದ್ರೆ ನಾನ್ಯಾಕೆ ಲಾರೀಲಿ ಮಲಗ್ತಿದ್ದೆ?”

“ತಮಾಷೆ ಸಾಕು. ನಿಮ್ಮ ಚಿಕ್ಕಮ್ಮ ಬಂದು ಹೋಗ್ತಿದ್ದಾರಾ?”

“ಆಯಮ್ಮ ಬಚ್ಚಲಿಗೆ ಹೋಗೋಕೇ ಇಬ್ಬರು ನರ್ಸ್ ಬೇಕು ಕಣೇ. ನಿನಗೆ ಮಾರೋಕೆ ಬರಲ್ಲ ಅಂದ್ರೆ ಬರಲ್ಲ ಅಂತ ಹೇಳು. ನವೆಂಬರ್ ಹದಿನೆಂಟಕ್ಕೆ ನಿನ್ನ ಆರು ತಿಂಗಳು ಮುಗಿಯುತ್ತೆ. ಬೇರೆಯವರಿಗೆ ಕೊಡ್ತೀನಿ.”

ಟಕ್. ಇಟ್ಟುಬಿಟ್ಟ.

ಹದಿನೆಂಟನೇ ತಾರೀಖು ಭಾನುವಾರ. ಆ ನಡುರಾತ್ರಿ ಹನ್ನೆರಡಕ್ಕೆ ಮನೆ ಮಾರಿಕೊಡುವ ಕರಾರು ಮುಗಿಯುತ್ತದೆ. ಉಳಿದದ್ದು ಮೂರೇ ವಾರ. ಆಫೀಸಿನ ಯಜಮಾನ ರಸ್ ಆಗಲೇ ಹೇಳಿದ್ದ: “ಈ ಮನೆ ಕೈ ತಪ್ಪಿದ್ರೆ ನಿನ್ನ ಕುರ್ಚೀನೂ ತಪ್ಪಿತು ಅಂತ ತಿಳ್ಕೋ.” ಕುರ್ಚಿ ಹೋದರೆ ಮತ್ತೆ ಸೂಪರ್‌ಮಾರ್ಕೆಟ್ಟಿನ ಬಿಲ್ ಕೌಂಟರು. ಹನ್ನೊಂದು ವರ್ಷ ಅಲ್ಲಿ ನಿಂತೂ ನಿಂತೂ ಅವಳ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ರಾತ್ರಿಯೆಲ್ಲ ಓದಿ, ಎರಡು ಸಲ ಫೇಲಾಗಿ, ಮೂರನೇ ಸಲಕ್ಕೆ ಏಜೆಂಟ್ ಪರೀಕ್ಷೆ ಪಾಸು ಮಾಡಿದ್ದಳು. ವಾಪಸ್ಸು ಹೋಗುವುದೆಂದರೆ ಅವಳಿಗೆ ಬದುಕಿದ್ದೂ ಹೂತುಹೋದ ಹಾಗೆ.

ಅವಳೇನು ಕಡಿಮೆ ಮಾಡಿರಲಿಲ್ಲ. ಮನೆಯವರ ಫೋಟೋಗಳನ್ನೆಲ್ಲ ಇಳಿಸಿದ್ದಳು. ನೆಲಮಾಳಿಗೆಯ ಗೋಡೆಗೆ ಬಿಳಿ ಬಣ್ಣ ಹೊಡೆಸಿದ್ದಳು. ತೇವ ಹೀರುವ ಮೆಷಿನ್ನನ್ನು ಎತ್ತಿ ತನ್ನ ಕಾರಿನ ಡಿಕ್ಕಿಯಲ್ಲಿ ಅಡಗಿಸಿದ್ದಳು. ನೆಲದ ಕಲೆಯ ಮೇಲೆ ಜಮಖಾನೆ. ಜನ ಬರುವ ಹೊತ್ತಿಗೆ ಸರಿಯಾಗಿ ಓವನ್ನಿನಲ್ಲಿ ದಾಲ್ಚಿನ್ನಿ ಬಿಸ್ಕತ್ತು, ತಿನ್ನುವುದಕ್ಕಲ್ಲ, ಮೂಗಿಗೆ. ಇಕ್ಕಟ್ಟಾದ ಕೋಣೆಗೆ ‘ಬೆಚ್ಚನೆಯ ಕೋಣೆ’ ಅಂತ ಬರೆದಿದ್ದಳು. ಇನ್ನು ಮನೆಯ ಲೋಪಗಳನ್ನು ತಿಳಿಸುವ ಫಾರಂ ಒಂದಿದೆ, ಮಾರುವವರು ತುಂಬಿ ಸಹಿ ಹಾಕಬೇಕಾದದ್ದು. ಸೂರು ಸೋರುತ್ತದಾ, ಬಾವಿ ನೀರು ಹೇಗೆ, ಹೀಗೆ ಮೂವತ್ತೆಂಟು ಪ್ರಶ್ನೆ. “ನೀನು ಆ ಮನೇಲಿ ಒಂದು ದಿನಾನೂ ಇರಲಿಲ್ಲ ತಾನೇ? ಎಲ್ಲದಕ್ಕೂ ‘ಗೊತ್ತಿಲ್ಲ’ ಅಂತ ಹಾಕು,” ಅಂದಿದ್ದಳು ವೆಂಡೆಲ್‌ಗೆ. ಅವನು ಹಾಕಿದ್ದ. ಮೂವತ್ತೆಂಟು ಸಲ ‘ಗೊತ್ತಿಲ್ಲ’. ಸುಳ್ಳಲ್ಲವಲ್ಲ!

ಮನೆಯ ಇನ್ನೊಂದು ಬೀಗದ ಕೈ ಯಾರ ಹತ್ತಿರವೋ ಇರಬೇಕು ಅಂತ ಡಾರ್ಲಾಗೆ ಅನುಮಾನ. ಕೇಳಲು ವೃದ್ಧಾಶ್ರಮಕ್ಕೇ ಹೋದಳು. ಸಿಲ್ವಿ ಅಜ್ಜಿ ಹಾಸಿಗೆಯಲ್ಲಿ ಹಕ್ಕಿಯ ಹಾಗೆ ಮುದುರಿಕೊಂಡಿದ್ದಳು.

“ಅಜ್ಜಿ, ಬೀಗದ ಕೈ ಯಾರಿಗಾದ್ರೂ ಕೊಟ್ಟಿದ್ರಾ? ಯಾವಳೋ ಹೆಂಗಸು ಅಡುಗೆಮನೇಲಿ ನಿಂತಿರ್ತಾಳಂತೆ.”

ಅಜ್ಜಿ ತಲೆ ಎತ್ತಿದಳು.

“ಕೈ ಒರೆಸ್ಕೋತಾ ಇರ್ತಾಳಾ?”

“...ಹೌದಂತೆ.”

“ಅವಳಿಗೆ ಬೀಗದ ಕೈ ಯಾಕೆ?” ಅಜ್ಜಿಯ ದನಿ ಪಿಸುಗುಟ್ಟಿತು. “ನಾವು ಕೊಳ್ಳೋಕೆ ಬಂದಾಗಲೇ ಇದ್ದಳು. ಏಜೆಂಟು ಮುಂದಿನ ಕೋಣೇಲಿ ಹಲ್ಲು ಕಿರೀತಿದ್ದ. ಇವಳು ಹಿಂದಿನಿಂದ ಬಂದು ನನ್ನ ಕಿವೀಲಿ ಹೇಳಿದಳು.”

“ಏನಂತ?”

“ಅವನು ಹೇಳದೇ ಇದ್ದದ್ದನ್ನೆಲ್ಲ.”

“ಆಮೇಲೆ?”

“ಕೊನೇವರೆಗೂ ಕೇಳಿದೆ. ಕೊಂಡ್ವಿ. ಆಮೇಲೆ ಇಷ್ಟು ವರ್ಷ ಅವಳು ಒಂದು ಮಾತೂ ಆಡಲಿಲ್ಲ.”

ಮುದುಕಿಗೆ ಅರಳುಮರಳು ಅಂದುಕೊಂಡು ಡಾರ್ಲಾ ಎದ್ದು ಬಂದಳು. ನೇರವಾಗಿ ಹೋಗಿ ಬಾಗಿಲಿನ ಬೀಗ ಬದಲಾಯಿಸಿದಳು. ಅದಾದ ಮೇಲೂ ಎರಡು ಸಂದೇಶ ಬಂದವು. ಅದೇ ಹೆಂಗಸು.

ಬಂತು, ಹದಿನೆಂಟನೇ ತಾರೀಖು. ಬೆಳಗಿನಿಂದ ಹಿಮ ಸುರಿಯುತ್ತಿತ್ತು. ಎರಡೂವರೆಯವರೆಗೆ ಒಂದು ನಾಯಿಯೂ ಬರಲಿಲ್ಲ. ಡಾರ್ಲಾ ತಾನು ಬೇಯಿಸಿದ ಬಿಸ್ಕತ್ತನ್ನು ಸಿಟ್ಟಿನಲ್ಲಿ ತಾನೇ ತಿನ್ನುತ್ತಾ ಕೂತಿದ್ದಳು. ಆಗ ಒಂದು ಜೋಡಿ ಬಂತು. ಬ್ರಿನ್, ಅವಳ ಗಂಡ ಎಲಿ. ಬ್ರಿನ್‌ಳ ಎದೆಗೆ ಕಟ್ಟಿಕೊಂಡ ಚೀಲದಲ್ಲಿ ನಾಲ್ಕು ತಿಂಗಳ ಕೂಸು. ಅವರ ಹಿಂದೆ ಏಜೆಂಟರಿಲ್ಲ, ರಗಳೆ ಇಲ್ಲ. ಕಿಟಕಿಯಿಂದ ಸರೋವರ ಕಂಡಿತು. ಬ್ರಿನ್‌ಳ ಕಣ್ಣು ಅಲ್ಲೇ ನಿಂತಿತು. ಡಾರ್ಲಾ ಲೆಕ್ಕ ಹಾಕಿಬಿಟ್ಟಳು. ಇವರೇ... ಇವರೇ ಕೊಳ್ಳುವವರು.

ಎಲಿಯನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿದಳು. “ನೋಡಿ, ಹೇಗೆ ಒಣಗಿದೆ!” ಅನ್ನುತ್ತಿದ್ದಳು. ಆಗ ತಲೆಯ ಮೇಲೆ, ಅಡುಗೆಮನೆಯ ನೆಲದಲ್ಲಿ...

ಕ್ರ್ರ್... ಒಂದು ಕುರ್ಚಿ ಎಳೆದ ಸದ್ದು.

ಕ್ರ್ರ್... ಇನ್ನೊಂದು.

ಆಮೇಲೆ ಗುಸುಗುಸು. ನಿಲ್ಲಿಸದೆ, ಉಸಿರು ತೆಗೆದುಕೊಳ್ಳದೆ, ಒಂದೇ ಸಮನೆ ಗುಸುಗುಸು.

ಡಾರ್ಲಾ ಮೆಟ್ಟಿಲು ಹಾರಿ ಮೇಲೆ ಬಂದಳು. ಬ್ರಿನ್ ಒಬ್ಬಳೇ ಮೇಜಿನ ಮುಂದೆ ಕೂತಿದ್ದಳು. ಎದುರಿನ ಕುರ್ಚಿ ಹಿಂದಕ್ಕೆ ಸರಿದಿತ್ತು.

“ನಡಿ ಎಲಿ, ಹೋಗೋಣ.” ಬಾಗಿಲಲ್ಲಿ ತಿರುಗಿ ಡಾರ್ಲಾಳ ಮುಖ ನೋಡಿದಳು. “ಆಕೆಗೆ ಇಷ್ಟೆಲ್ಲ ಗೊತ್ತು. ನೀವು ಕೊಟ್ಟ ಫಾರಂನಲ್ಲಿ ಮಾತ್ರ ಎಲ್ಲಾ ‘ಗೊತ್ತಿಲ್ಲ’. ನನ್ನ ಮಗು ಮಲಗೋದು ಇಲ್ಲೇ ಅಂತ ನಿಮಗೆ ಹೊಳೀಲಿಲ್ವಾ?”

ಕಾರು ಹೊರಟುಹೋಯಿತು.

ಐದು ಗಂಟೆಗೇ ಕತ್ತಲು. ಡಾರ್ಲಾ ಹಿಮದಲ್ಲಿ ಕಾಲು ಹುಗಿಯುತ್ತಾ ಬೋರ್ಡುಗಳನ್ನು ಕಿತ್ತು ತಂದಳು. ಬಾವಿಯ ಹತ್ತಿರ ಬಂದಳು.

ಕೀಂ... ಗಡಕ್.

ಈ ಸಲ ಅವಳಿಗೆ ಹೆದರಿಕೆ ಆಗಲಿಲ್ಲ. ಹೆದರುವುದಕ್ಕೂ ಒಂದಿಷ್ಟು ನೆಮ್ಮದಿ ಬೇಕು. ಬೋರ್ಡುಗಳನ್ನು ಅಲ್ಲೇ ಎಸೆದು, ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದಳು.

ಅಡುಗೆಮನೆಯ ದೀಪ ಉರಿಯುತ್ತಿತ್ತು. ಸಿಂಕಿನ ಮುಂದೆ ಒಬ್ಬಳು ಬೆನ್ನು ಮಾಡಿ ನಿಂತಿದ್ದಳು. ನೀಲಿ ಸ್ವೆಟರು. ಕೈ ಒರೆಸಿಕೊಳ್ಳುತ್ತಿದ್ದಳು... ಒರೆಸುತ್ತಲೇ ಇದ್ದಳು. ಗುಂಯ್ ಅನ್ನುತ್ತಿದ್ದ ಫ್ರಿಜ್ಜು ತಟ್ಟನೆ ನಿಂತಿತು.

“ಆರು ತಿಂಗಳು!” ಡಾರ್ಲಾ ಕಿರುಚಿದಳು. “ಆರು ತಿಂಗಳಿಂದ ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀಯಲ್ಲೇ! ಬಂದವರಿಗೆಲ್ಲ ಹೇಳ್ತೀಯ. ನನಗೊಬ್ಬಳಿಗೆ ಯಾಕೆ ಹೇಳಲಿಲ್ಲ?”

ಒರೆಸುವ ಕೈ ನಿಂತಿತು.

“ನೀನು ಕೇಳಲೇ ಇಲ್ಲ.”

ಪಿಸುಮಾತು. ದನಿ ಸಿಂಕಿನ ಕಡೆಯಿಂದ ಬರಲಿಲ್ಲ. ಕಿವಿಯ ಪಕ್ಕದಲ್ಲೇ ಬಂತು.

ಡಾರ್ಲಾ ಕೈ ಚಾಚಿದಳು. ಕುರ್ಚಿ ಸಿಕ್ಕಿತು, ಕೂತಳು. ಚೀಲದಿಂದ ಒಂದು ಖಾಲಿ ಫಾರಂ ತೆಗೆದಳು.

“ಕೇಳ್ತಿದ್ದೀನಿ. ಹೇಳು.”

ಹೇಳಿದಳು. ಮಾರ್ಚಿನಲ್ಲಿ ಉತ್ತರದ ಗೋಡೆಯಿಂದ ನೀರು ಬರುತ್ತದೆ, ಒಂದು ಗೇಣು ನಿಲ್ಲುತ್ತದೆ. ಆಗಸ್ಟಿನಲ್ಲಿ ಬಾವಿಯ ನೀರು ಕೆಂಪಗಾಗುತ್ತದೆ. ಹೊಗೆಗೂಡು ಮಧ್ಯದಲ್ಲಿ ಬಿರಿದಿದೆ, ಹೊಗೆ ಮೇಲೆ ಹೋಗದೆ ಮಕ್ಕಳ ಕೋಣೆಗೆ ಬರುತ್ತದೆ... ಅದರ ಕೆಳಗೆ ಬೆಂಕಿ ಹಾಕಬೇಡಿ. ಆ ಮಾತನ್ನು ಮೂರು ಸಲ ಹೇಳಿದಳು. ಡಾರ್ಲಾ ಬರೆಯುತ್ತಲೇ ಹೋದಳು. ಬೆರಳು ಮರಗಟ್ಟಿದವು. ಮೂವತ್ತೇಳು ಮುಗಿಯಿತು.

ಕೊನೆಯ ಪ್ರಶ್ನೆ, ‘ಕೊಳ್ಳುವವರಿಗೆ ತಿಳಿದಿರಬೇಕಾದ ಬೇರೆ ಸಂಗತಿ ಏನಾದರೂ?’

ಡಾರ್ಲಾ ಅದನ್ನು ಗಟ್ಟಿಯಾಗಿ ಓದಿದಳು.

“...ನಾನು.”

“ಏನಂತ ಬರೀಲಿ?”

“ಇದ್ದಾಳೆ ಅಂತ ಬರಿ.”

ಬರೆದು ತಲೆ ಎತ್ತಿದಳು. ಫ್ರಿಜ್ಜು ಗುಂಯ್ ಅನ್ನುತ್ತಿತ್ತು. ಸಿಂಕಿನ ಮುಂದೆ ಯಾರೂ ಇರಲಿಲ್ಲ.

ವೆಂಡೆಲ್ ಅವತ್ತು ಊರಿನಲ್ಲೇ ಇದ್ದ. ಡಾರ್ಲಾ ತನ್ನ ಮನೆಗೆ ಬರಹೇಳಿದಳು. ಬಂದವನು ಬಟ್ಟಲು ತುಂಬ ಸೂಪು ಕುಡಿದು, ಫಾರಂ ಓದಿ, ಚಮಚ ಕೆಳಗಿಟ್ಟ.

“‘ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಇದ್ದಾಳೆ.’ ನಿನಗೇನು ತಲೆ ಕೆಟ್ಟಿದೆಯೇನೇ? ಇದನ್ನ ನೋಡಿದವರು ಯಾರಾದ್ರೂ ಮನೆ ಕೊಳ್ತಾರಾ?”

“ನೋಡದೇ ಇದ್ದವರು ಯಾರಾದ್ರೂ ಕೊಂಡ್ರಾ? ಹಾಕು ಸಹಿ.”

ಗೊಣಗುತ್ತಾ ಹಾಕಿದ. ಡಾರ್ಲಾ ಫಾರಂನ ಫೋಟೋ ತೆಗೆದು, ಮನೆ ನೋಡಲು ಬಂದಾಗ ಬ್ರಿನ್ ಬರೆದಿಟ್ಟಿದ್ದ ನಂಬರಿಗೆ ತನ್ನ ಮನೆಯ ವಿಳಾಸದ ಜೊತೆ ಕಳಿಸಿದಳು. ಗಂಟೆ ಒಂಬತ್ತೂವರೆ. ಉತ್ತರ ಇಲ್ಲ. ಹತ್ತಾಯಿತು. ಹತ್ತೂಮುಕ್ಕಾಲು. ವೆಂಡೆಲ್ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ. ಡಾರ್ಲಾ ಕಾಲಿನ ನರ ನೀವಿಕೊಳ್ಳುತ್ತಾ ಗಡಿಯಾರ ನೋಡುತ್ತಿದ್ದಳು.

ಹನ್ನೊಂದೂ ಹತ್ತಕ್ಕೆ ಬಾಗಿಲು ತಟ್ಟಿದ ಸದ್ದು. ಬ್ರಿನ್, ಎಲಿ, ನಿದ್ದೆ ಹೋದ ಕೂಸು.

“ಆಕೆ ಹೇಳಿದ್ದೂ ನೀವು ಬರೆದದ್ದೂ ಈಗ ಒಂದೇ ಆಗಿದೆ,” ಅಂದಳು ಬ್ರಿನ್. “ಗೋಡೆ, ಹೊಗೆಗೂಡು ರಿಪೇರಿ ಮಾಡಿಸ್ಬಹುದು. ಸುಳ್ಳು ಹೇಳೋರ ಹತ್ತಿರ ಮಾತ್ರ ಮನೆ ಕೊಳ್ಳೋಕಾಗಲ್ಲ.”

ಡಾರ್ಲಾಳ ಊಟದ ಮೇಜಿನ ಮೇಲೇ ಕಾಗದ ತುಂಬಿದರು. ರಿಪೇರಿಗೆ ಅಂತ ಬೆಲೆ ಸ್ವಲ್ಪ ಇಳಿಸಿದರು, ಅದು ನ್ಯಾಯವೇ. ಮನೆಯ ಜೊತೆ ಬಿಟ್ಟುಹೋಗಬೇಕಾದವು ಅಂತ ಒಂದು ಪಟ್ಟಿ ಇರುತ್ತದೆ. ಒಲೆ, ಫ್ರಿಜ್ಜು, ಪರದೆಗಳು. ಅದರ ಕೆಳಗೆ ಬ್ರಿನ್ ತನ್ನ ಕೈಯಲ್ಲೇ ಇನ್ನೊಂದು ಸಾಲು ಸೇರಿಸಿದಳು. ‘ಅಡುಗೆಮನೆಯ ಹೆಂಗಸು.’

ಎಲಿ ನಕ್ಕ. ಅವಳು ನಗಲಿಲ್ಲ. “ಹಗಲೆಲ್ಲ ನೀನು ಕೆಲಸಕ್ಕೆ ಹೋಗ್ತೀಯ. ನಿಜ ಹೇಳೋರು ಒಬ್ಬರಾದ್ರೂ ನನ್ನ ಜೊತೆ ಇರಲಿ.”

ಕೈಯಲ್ಲಿ ಬರೆದು ಸೇರಿಸಿದ ಸಾಲಿನ ಪಕ್ಕ ಕೊಳ್ಳುವವರು, ಮಾರುವವರು ಇಬ್ಬರೂ ತಮ್ಮ ಹೆಸರಿನ ಮೊದಲ ಅಕ್ಷರ ಹಾಕಬೇಕು. ಅದು ಇಲ್ಲಿಯ ಪದ್ಧತಿ. ಬ್ರಿನ್ ಹಾಕಿದಳು. ವೆಂಡೆಲ್ ಕಣ್ಣುಜ್ಜಿಕೊಂಡು ಹಾಕಿದ. ಎರಡು ಅಕ್ಷರ, ನೀಲಿ ಪೆನ್ನು. ಡಾರ್ಲಾ ಗಡಿಯಾರ ನೋಡಿದಳು. ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು.

ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ, ಚಿಲಕ ಹಾಕಿ, ಆ ಕಾಗದವನ್ನು ದಿಂಬಿನ ಕೆಳಗೇ ಇಟ್ಟುಕೊಂಡು ಮಲಗಿದಳು. ಮನೆಯಲ್ಲಿ ಅವಳೊಬ್ಬಳೇ. ಬೆಳಿಗ್ಗೆ ಅದನ್ನು ತೆಗೆದುಕೊಂಡು ಹೋಗಿ ರಸ್‌ನ ಮೇಜಿನ ಮೇಲೆ ಬಡಿದಳು. ಅವನು ಕನ್ನಡಕ ಏರಿಸಿ, ಒಂದೊಂದೇ ಹಾಳೆ ತಿರುವಿ, ಆ ಸಾಲಿಗೆ ಬಂದು ನಿಂತ.

“ಎಲ್ಲಾ ಸರಿ ಇದೆ. ಈ ಮೂರನೇದು ಯಾರದು?”

ಬ್ರಿನ್‌ಳ ಅಕ್ಷರ, ವೆಂಡೆಲ್‌ನ ಅಕ್ಷರ, ಅದರ ಪಕ್ಕದಲ್ಲಿ ಇನ್ನೊಂದು. ಸಣ್ಣದು. ಪೆನ್ಸಿಲಿನಲ್ಲಿ.

ಡಾರ್ಲಾಳ ಕುರ್ಚಿ ಉಳಿಯಿತು, ಈಗಲೂ ಅದರಲ್ಲೇ ಕೂತಿದ್ದಾಳೆ. ಆ ಕಾಗದದ ನಕಲು ಅವಳ ಮನೆಯ ಡ್ರಾಯರಿನಲ್ಲಿದೆ. ನಕ್ಕರೆ ನಗಿ. ನಾನು ಈ ಕೈಯಲ್ಲಿ ಹಿಡಿದು, ಹಗಲು ಬೆಳಕಿನಲ್ಲಿ ನೋಡಿದ್ದೇನೆ... ಮೂರು ಅಕ್ಷರ ಇವೆ.