ಹುಳದ ಕಾಗದವೂ ಅಂಚೆಯ ಜುಂಜಣ್ಣನೂ

ಪೀಠವನ್ನು ಅಲಂಕರಿಸಿರುವ ಅಧ್ಯಕ್ಷರೇ, ಚಿತ್ರದುರ್ಗದಿಂದ ದಯಮಾಡಿಸಿರುವ ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ರಾಮಗಿರಿಯ ಅಂಚೆಯ ಜುಂಜಣ್ಣನವರೇ, ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಬಿಡಿಸುತ್ತಿರುವವರೂ ಸೇರಿದಂತೆ ಸಮಸ್ತ ಸಭಿಕರೇ,

ಅಮೆರಿಕದ ಕಂಪ್ಯೂಟರುಗಳಿಗೆ ಹುಳ ಬಿದ್ದು ತಂತಿಗಳನ್ನೆಲ್ಲ ತಿಂದಿತೆಂದೂ, ಅಂಥದೇ ಹುಳವನ್ನು ಜುಂಜಣ್ಣ ಒಮ್ಮೆ ತಮ್ಮ ಚೀಲದಲ್ಲಿ ಊರೂರಿಗೆ ಹೊತ್ತರೆಂದೂ ಈಗತಾನೆ ಮಾತಾಡಿ ಕುಳಿತ ಮೂರ್ತಪ್ಪನವರು ನಗೆಯಾಡಿದರು. ನೀವೂ ನಕ್ಕಿರಿ. ಜುಂಜಣ್ಣ ನಗಲಿಲ್ಲ. ಈ ಊರಿನ ಮೇಷ್ಟ್ರಮ್ಮನಾಗಿ ಮೂವತ್ತೈದು ವರ್ಷ ಮಕ್ಕಳ ತಪ್ಪು ತಿದ್ದಿದ ನಾನು ಈ ಎರಡನ್ನೂ ತಿದ್ದದೆ ಕುಳಿತುಕೊಳ್ಳಲಾರೆ.

ಮೊದಲು ಅಮೆರಿಕ. ದುರ್ಗದ ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ನನ್ನ ಶಿಷ್ಯೆ ಸರ್ವಮಂಗಳ ಓದಿ ತಿಳಿಸಿದ್ದು ಇಷ್ಟು: ಅದು ಹುಳವೇ ಅಲ್ಲ, ತಜ್ಞರೊಬ್ಬರು ಪ್ರಯೋಗಕ್ಕೆಂದು ಬರೆದ ಆದೇಶಗಳ ಸರಣಿ. ಯಂತ್ರದಿಂದ ಯಂತ್ರಕ್ಕೆ ತಾನೇ ಹೋಗಿ, ಸಾಧ್ಯವಾದರೆ ನನ್ನನ್ನು ಹಿಡಿ ಎಂದು ಅಚ್ಚೊತ್ತುತ್ತಿತ್ತು. ಮುಂದೆ ಅದು ತನ್ನ ಪ್ರತಿಯನ್ನೂ ತಾನೇ ಮಾಡಿಕೊಳ್ಳುವಂತೆ ಮಾಡಿದರು. ತಿಂದದ್ದು ಏನೂ ಇಲ್ಲ. ಅದನ್ನು ಅಳಿಸಲು ಅಂಥದೇ ಇನ್ನೊಂದನ್ನು ಬೆನ್ನಿಗೆ ಅಟ್ಟಿದರು.

ಇನ್ನು ರಾಮಗಿರಿ. ಎಪ್ಪತ್ತೆರಡರಲ್ಲಿ ಬಂದ ಆ ಕಾಗದ ನೆನಪಿದೆಯಲ್ಲವೇ? ಹನ್ನೊಂದು ಜನಕ್ಕೆ ಬರೆದು ಕಳಿಸು, ತಪ್ಪಿದರೆ ನಿನ್ನ ಕುರಿ ಸಾಯುತ್ತವೆ! ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ದಾಟಿ ಧರ್ಮಪುರದವರೆಗೂ ಹಬ್ಬಿತು. ಹಬ್ಬಿಸಿದವರು ಯಾರು? ಜುಂಜಣ್ಣ ಎಂದಿರಿ. ಹಟ್ಟಿಯ ಚಿತ್ತಮ್ಮನವರು ಇವರ ಮುಖಕ್ಕೇ ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ: "ಲೇ ಜುಂಜ, ನಮ್ ಬಾಗ್ಲಿಗೆ ಬರಬ್ಯಾಡ. ನಿನ್ ಚೀಲ್ದಾಗೆ ಮಾರಿ ಐತೆ."

ಜುಂಜಣ್ಣ ಏನೆಂದರು? "ಆ ಮಾರಿನ ನನ್ ಕೈಗೇ ಕೊಡವ್ವ. ಸತ್ರೆ ನನ್ ಕುರಿ ಸಾಯ್ಲಿ."

ಹಾಗೆ ಮನೆಮನೆಯಿಂದ ಬೇಡಿ ತಂದು ಒಲೆಗೆ ಹಾಕಿದರು. ಒಂದು ಕುರಿಯೂ ಸಾಯಲಿಲ್ಲ. ಆ ವರ್ಷ ಎಲ್ಲವೂ ಅವಳಿ ಮರಿ ಹಾಕಿದವೆಂದು ಇವರು ಹೇಳುವುದು ಮಾತ್ರ ಉತ್ಪ್ರೇಕ್ಷೆ.

ಹಾಗಾದರೆ ಹಬ್ಬಿಸಿದವರು ಯಾರು? ಸಭಿಕರೇ, ಆ ಕಾಗದ ಊರಿಗೆ ಮೊದಲು ಬಂದದ್ದು ನನ್ನ ಹೆಸರಿಗೆ. ಸಾಲಿಗೊಂದು ಕಾಗುಣಿತದ ತಪ್ಪು! ತಡೆಯಲಾರದೆ ಶಾಲೆಗೆ ಒಯ್ದು, ತಿದ್ದಿ, ಕರಿಹಲಗೆಯ ಮೇಲೆ ದುಂಡಾಗಿ ಬರೆದು, ಇದನ್ನು ಕಾಪಿ ಮಾಡಿ ಮನೆಯಲ್ಲಿ ತೋರಿಸಿರೆಂದು ಮಕ್ಕಳಿಗೆ ಹೇಳಿದೆ. ನಲವತ್ತೆರಡು ಮಕ್ಕಳು. ಮೇಷ್ಟ್ರಮ್ಮ ಬರೆಸಿದ್ದೆಂದ ಮೇಲೆ ಸುಳ್ಳಾಗಲು ಸಾಧ್ಯವೇ ಎಂದು ಹೆತ್ತವರು ನಂಬಿದರು. ಜುಂಜಣ್ಣ ಒಲೆಗೆ ಹಾಕಿದವುಗಳಲ್ಲಿ ಕಾಪಿ ಪುಸ್ತಕದ ಹಾಳೆಗಳೇ ಹೆಚ್ಚು. ಅವರಿಗೆ ಗೊತ್ತಿತ್ತು. ಅಲ್ಲಿಂದ ಈ ಏಳು ವರ್ಷ ದಿನವೂ ನನ್ನ ಬಾಗಿಲಿಗೆ ಬಂದರು. ಒಮ್ಮೆಯೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಚಿತ್ತಮ್ಮನವರೇ, ಬಾಗಿಲು ಹಾಕುವುದಿದ್ದರೆ ನಾಳೆಯಿಂದ ನನಗೆ ಹಾಕಿ.

ಜುಂಜಣ್ಣ ಈಗ ನಗುತ್ತಿದ್ದಾರೆ. ನನಗೆ ಇಷ್ಟೇ ಬೇಕಿತ್ತು. ಕಡಲೆಕಾಯಿಯನ್ನೂ ಮರೆತು ಕೇಳಿದ ನಿಮ್ಮೆಲ್ಲರಿಗೂ ವಂದನೆ. ಈ ಮಾತನ್ನು ಹನ್ನೊಂದು ಜನಕ್ಕೆ ಹೇಳಿ. ನಮಸ್ಕಾರ.