ನಲವತ್ತಮೂರನೆಯವಳು

ಅಲಬಾಮಾದ ಆಗಸ್ಟ್ ಬಿಸಿಲಲ್ಲಿ, ಕಾಲೇಜಿನ ಎದುರು ನಿಂಬೆ ಪಾನಕದ ಗಾಡಿಗೆ ಸರದಿ ನಿಂತಿದ್ದೆ. ನನ್ನ ಮುಂದೆ ಇಬ್ಬರು ಹುಡುಗಿಯರು. ಟಿನ್ಸ್ಲಿ ಎಂಬವಳು ಅಂದೇ ಸೇರಿದ ಸೊರೋರಿಟಿಯ ಹೊಸ ಅಂಗಿ ತೊಟ್ಟಿದ್ದಳು; ಸೊರೋರಿಟಿಯೆಂದರೆ ಹುಡುಗಿಯರನ್ನು ಆರಿಸಿ ಸೇರಿಸಿಕೊಳ್ಳುವ ಕಾಲೇಜಿನ ಸಂಘ, ಇಲ್ಲಿಯವರ ಬಾಯಲ್ಲಿ ‘ಮನೆ’. ಗೆಳತಿ ಮೇರಿಬೆತ್ ಯಾವ ಮನೆಗೂ ಸೇರಿರಲಿಲ್ಲ.

“ಪಾನಕ ನಾನು ಕೊಡಿಸ್ತೀನಿ, ಸುಮ್ನೆ ಕುಡಿ,” ಎಂದಳು ಟಿನ್ಸ್ಲಿ.

“ಏನೇ ಇದು, ಇಷ್ಟೊಂದು ಉಪಚಾರ?”

“ನಿನ್ನೆ ಆಯ್ಕೆಯ ಕೊನೇ ಸುತ್ತಿಗೆ ಬಂದ್ಯಲ್ಲ, ಅದಕ್ಕೆ.”

“ಫ್ರಾಕ್ ಇಸ್ತ್ರಿ ಮಾಡಿಟ್ಟಿದ್ದೆ ಕಣೇ, ದಂಡ ಆಗ್ಬಾರ್ದು ಅಂತ ಬಂದೆ. ವಾರವಿಡೀ ಮನೆ ಮನೆ ಸುತ್ತಿ ನಕ್ಕೂ ನಕ್ಕೂ ದವಡೆ ನೋಯ್ತಿತ್ತು. ಸೇರೋಕೆ ಇಷ್ಟ ಅಂತ ಚೀಟೀಲಿ ಯಾವ ಮನೆ ಹೆಸ್ರೂ ಬರೀದೆ ಎದ್ದು ಹೋದೆ.”

“ಹೋದ್ರೇನು, ಹಾಜರಿ ಬಿತ್ತಲ್ಲ! ಕೊನೇ ಸುತ್ತಿಗೆ ಬಂದವರನ್ನ ಎಣಿಸಿ, ಒಂಬತ್ತರಿಂದ ಭಾಗಿಸಿ, ಮನೆಗೆ ಇಷ್ಟೇ ಜಾಗ ಅಂತ ಗೊತ್ತು ಮಾಡ್ತಾರೆ. ಮುನ್ನೂರ ಎಂಬತ್ತೇಳು ಜನ, ಮನೆಗೆ ನಲವತ್ತಮೂರು. ನೀನೊಬ್ಬಳು ಬರದಿದ್ರೆ ಭಾಗ ಪೂರ್ತಿ ಆಗ್ದೆ ನಲವತ್ತೆರಡಕ್ಕೇ ನಿಲ್ಲೋದು.”

“ನಿಮ್ಮನೇಲಿ ಆ ನಲವತ್ತಮೂರನೆಯವಳು ನೀನೇನಾ?”

“ಯಾರಿಗ್ಗೊತ್ತು? ಯಾರು ಎಷ್ಟನೆಯವರು ಅನ್ನೋ ಪಟ್ಟಿ ಯಾರಿಗೂ ತೋರಿಸಲ್ಲ. ಮನೆಗೊಬ್ಬಳಂತೆ ಒಂಬತ್ತು ಜನ ನಿನ್ನಿಂದ ಒಳಗೆ ಬಂದಿದಾರೆ, ಅಷ್ಟೇ.”

“ಒಂಬತ್ತು ಜನಕ್ಕೆ ಒಂದೇ ಲೋಟನಾ, ಜಿಪುಣಿ?”

“ಉಳಿದ ಎಂಟು ಜನ ಎಲ್ಲಿದಾರೋ, ಅವರನ್ನ ಕೇಳು.”

ಮೇರಿಬೆತ್ ಲೋಟ ಹಿಡಿದು ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಅವಳ ಹೆಗಲ ಮೇಲೆ ಕೈ ಹಾಕಿಕೊಂಡು ಓಕ್ ಮರದ ನೆರಳಿನತ್ತ ನಡೆದಳು.